ಹಳದಿ ದೀಪ, ನಡುಗುವ ಎಂಜಿನ್

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತುವುದಕ್ಕೆ ನೂರಾರು ಕಾರಣಗಳಿವೆ. ಅದರ ಜೊತೆಗೇ ಸಿಗ್ನಲ್‌ನಲ್ಲಿ ನಿಂತಾಗ ಸ್ಟಿಯರಿಂಗ್ ನಡುಗಿ, ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡತೊಡಗಿದರೆ ಆ ಕಾರಣಗಳಲ್ಲಿ ಬಹುಪಾಲು ತಾವಾಗಿ ಬಿದ್ದುಹೋಗುತ್ತವೆ. ಪೆಟ್ರೋಲ್ ಕಾರಿನಲ್ಲಿ ಆಮೇಲೆ ಉಳಿಯುವುದು ಮುಖ್ಯವಾಗಿ ಮೂರು ಪ್ರಶ್ನೆ: ಸಿಲಿಂಡರಿನೊಳಗೆ ಕಿಡಿ ಸರಿಯಾಗಿ ಹಾರುತ್ತಿದೆಯೇ, ಗಾಳಿ ಮತ್ತು ಪೆಟ್ರೋಲ್ ಸರಿಯಾದ ಪ್ರಮಾಣದಲ್ಲಿ ಸೇರುತ್ತಿವೆಯೇ, ಸೇರಿದ್ದನ್ನು ಪಿಸ್ಟನ್ ಸೋರದಂತೆ ಒತ್ತುತ್ತಿದೆಯೇ. ಗ್ಯಾರೇಜುಗಳಲ್ಲಿ ‘ಮಿಸ್ಸಿಂಗ್’ ಎನ್ನುವ ತೊಂದರೆಯ ಪತ್ತೆಕಾರ್ಯವೆಲ್ಲ ಈ ಮೂರರಲ್ಲಿ ಯಾವುದು ಎಂದು ಕಂಡುಕೊಳ್ಳುವ ಕೆಲಸ. ಕ್ರಮ ತಪ್ಪಿದರೆ ಪ್ಲಗ್ಗು, ಕಾಯಿಲು, ಸೆನ್ಸರು ಎಂದು ಒಂದೊಂದಾಗಿ ಬದಲಾಗುತ್ತ ಬಿಲ್ಲು ಬೆಳೆಯುತ್ತದೆ, ನಡುಕ ಮಾತ್ರ ಹಾಗೆಯೇ ಉಳಿಯುತ್ತದೆ.

ಮೊದಲು ನೋಡಬೇಕಾದದ್ದು ದೀಪ ಹೇಗೆ ಉರಿಯುತ್ತಿದೆ ಎಂಬುದನ್ನು. ಎಂಜಿನ್ ಚಾಲೂ ಆದ ಮೇಲೆ ಸ್ಥಿರವಾಗಿ ಉರಿಯುವ ಹಳದಿ ದೀಪವೆಂದರೆ ಹೊಗೆಯ ಮೇಲೆ ಪರಿಣಾಮ ಬೀರಬಲ್ಲ ದೋಷವೊಂದು ದಾಖಲಾಗಿದೆ ಎಂದರ್ಥ. ಕಾರು ಎಂದಿನಂತೆ ಓಡುತ್ತಿದ್ದರೆ, ಆಯಿಲ್ ಒತ್ತಡದ ಅಥವಾ ಉಷ್ಣತೆಯ ಕೆಂಪು ದೀಪ ಹತ್ತಿಲ್ಲವಾದರೆ, ನಿಧಾನವಾಗಿ ಓಡಿಸಿಕೊಂಡು ಗ್ಯಾರೇಜು ತಲುಪಬಹುದು. ಮಿನುಗುವ ದೀಪದ ಮಾತು ಬೇರೆ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಹಾಗೆಯೇ ಹೊರಬಿದ್ದು, ಸೈಲೆನ್ಸರಿನ ಹಾದಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತಿದೆ ಎಂಬುದರ ಸೂಚನೆ ಅದು. ಆಗ ಕನ್ವರ್ಟರಿನ ಒಳಗಿನ ಬಿಸಿ 1,000 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಒಳಗಿನ ಪಿಂಗಾಣಿ ಜಾಲರಿ ಕರಗಿ ಮುಚ್ಚಿಕೊಳ್ಳಬಹುದು. ಕಾಯಿಲಿನಲ್ಲಿ ಮುಗಿಯಬಹುದಾಗಿದ್ದ ಖರ್ಚು ಹಲವು ಪಟ್ಟು ಏರುವುದು ಇಂಥ ಹೊತ್ತಿನಲ್ಲಿ ‘ಹೇಗೋ ಮನೆ ಮುಟ್ಟೋಣ’ ಎಂದು ಓಡಿಸುವುದರಿಂದ. ದೀಪ ಮಿನುಗಿದರೆ ವೇಗ ತಗ್ಗಿಸಿ, ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸುವುದೇ ಸರಿ.

ದೀಪ ಹತ್ತದೇ ಇರುವುದೂ ಒಂದು ಸೂಚನೆಯೇ. ಕೀ ಆನ್ ಮಾಡಿ ಎಂಜಿನ್ ಚಾಲೂ ಮಾಡದೆ ಇದ್ದಾಗ ಈ ದೀಪ ಹತ್ತಲೇಬೇಕು. ಹತ್ತದಿದ್ದರೆ ದೀಪ ಕೆಟ್ಟಿರಬಹುದು, ಅಥವಾ ಯಾರೋ ಉದ್ದೇಶಪೂರ್ವಕವಾಗಿ ತೆಗೆದಿರಬಹುದು. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರು ಬಣ್ಣ, ಟೈರು ನೋಡುವ ಮೊದಲು ಈ ಎರಡು ಸೆಕೆಂಡಿನ ಪರೀಕ್ಷೆ ಮಾಡುವುದು ಒಳ್ಳೆಯದು.

ನಡುಕ ಐಡ್ಲಿಂಗ್‌ನಲ್ಲೇ ಎದ್ದು ಕಾಣುವುದಕ್ಕೆ ಕಾರಣವಿದೆ. ಬಿಸಿಯಾದ ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 650ರಿಂದ 850 ಸುತ್ತಿನಲ್ಲಿ ಐಡಲ್ ಆಗುತ್ತದೆ. 750 ಸುತ್ತಿನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್‌ನೊಳಗೆ ಸೆಕೆಂಡಿಗೆ 25 ದಹನಗಳು ನಡೆಯುತ್ತವೆ. ಒಂದೊಂದು ಸಿಲಿಂಡರಿನ ಪಾಲಿಗೆ ಆರು ಚಿಲ್ಲರೆ. ಅವುಗಳಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ, ಉಳಿದವು ಅದರ ಕೊರತೆ ತುಂಬುವ ಮೊದಲೇ ಕ್ರ್ಯಾಂಕ್ ಶಾಫ್ಟ್ ಒಂದು ಕ್ಷಣ ನಿಧಾನವಾಗಿಬಿಡುತ್ತದೆ. ನಿಧಾನವಾಗಿ ತುಳಿಯುವ ಸೈಕಲ್ ಓಲಾಡಿ, ವೇಗ ಬಂದೊಡನೆ ನೆಟ್ಟಗಾಗುವಂತೆ, ಆಕ್ಸಿಲರೇಟರ್ ಒತ್ತಿದರೆ ಇದೇ ದೋಷ ಮರೆಯಾಗುತ್ತದೆ. ಮೂರು ಸಿಲಿಂಡರಿನ ಎಂಜಿನ್‌ನಲ್ಲಿ ಅದೇ 750 ಸುತ್ತಿಗೆ ಸೆಕೆಂಡಿಗೆ 19ಕ್ಕಿಂತ ಕಡಿಮೆ ದಹನಗಳು. ಆದ್ದರಿಂದ ಇಂಥ ಎಂಜಿನ್ ಇರುವ ಭಾರತದ ಅನೇಕ ಚಿಕ್ಕ ಕಾರುಗಳಲ್ಲಿ ಸ್ವಲ್ಪ ಕಂಪನ ಹುಟ್ಟಿನಿಂದಲೇ ಇರುತ್ತದೆ. ಅದನ್ನು ದೋಷವೆಂದು ಭಾವಿಸಿ ಹಣ ಸುರಿಯಬಾರದು. ಮೊದಲು ಇಲ್ಲದ್ದು ಈಗ ಶುರುವಾಗಿದೆಯೇ ಎಂಬುದೇ ಕೇಳಬೇಕಾದ ಮಾತು.

ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಮಿಸ್ಸಿಂಗನ್ನು ಪತ್ತೆ ಮಾಡುವುದೂ ಈ ಕ್ಷಣದ ನಿಧಾನದಿಂದಲೇ. ಕ್ರ್ಯಾಂಕ್ ಶಾಫ್ಟಿಗೆ ಜೋಡಿಸಿದ ಹಲ್ಲಿನ ಚಕ್ರವನ್ನು ಒಂದು ಸೆನ್ಸರ್ ಸದಾ ಓದುತ್ತಿರುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಈ ಚಕ್ರಕ್ಕೆ 60 ಹಲ್ಲಿನ ಜಾಗವಿದ್ದು, ಗುರುತಿಗಾಗಿ ಎರಡನ್ನು ಬಿಟ್ಟಿರುತ್ತಾರೆ. ಅಂದರೆ ಪ್ರತಿ ಹಲ್ಲಿಗೆ ಆರು ಡಿಗ್ರಿ. ಯಾವ ಸಿಲಿಂಡರಿನ ಸರದಿಯಲ್ಲಿ ಹಲ್ಲುಗಳು ತಡವಾಗಿ ಬಂದವು ಎಂದು ಲೆಕ್ಕ ಹಾಕಿ ಅದರ ಮೇಲೆ ಇಸಿಯು ದೂರು ಬರೆಯುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರಗಳ ಕುಲುಕಾಟ ಗೇರ್‌ಬಾಕ್ಸಿನ ಮೂಲಕ ಕ್ರ್ಯಾಂಕಿಗೂ ಮುಟ್ಟುವುದರಿಂದ ಈ ಲೆಕ್ಕ ತಪ್ಪುವ ಸಾಧ್ಯತೆಯಿದೆ. ಹಾಗಾಗಿ ಕೆಲವು ಕಾರುಗಳು ಎಬಿಎಸ್ ಸೆನ್ಸರಿನಿಂದ ರಸ್ತೆಯ ಸ್ಥಿತಿ ತಿಳಿದು, ಅಂಥ ಹೊತ್ತಿನಲ್ಲಿ ಮಿಸ್ಸಿಂಗ್ ಎಣಿಕೆಯನ್ನೇ ನಿಲ್ಲಿಸುತ್ತವೆ.

ದೋಷವನ್ನು ಬರೆದಿಡುವ ಈ ಏರ್ಪಾಡು ಹುಟ್ಟಿದ್ದು ವಾಯುಮಾಲಿನ್ಯದ ಕಾನೂನಿನಿಂದ, ಮೆಕ್ಯಾನಿಕ್‌ಗಳ ಅನುಕೂಲಕ್ಕಾಗಿ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1988ರ ಮಾದರಿಯ ಕಾರುಗಳಿಂದ ಇದರ ಮೊದಲ ರೂಪವನ್ನು ಕಡ್ಡಾಯ ಮಾಡಿತು. ಓಬಿಡಿ-2 ಎಂಬ ಏಕರೂಪದ ವ್ಯವಸ್ಥೆ 1996ರ ಮಾದರಿಯಿಂದ ಇಡೀ ಅಮೆರಿಕಕ್ಕೆ ಅನ್ವಯವಾಯಿತು. ಭಾರತದಲ್ಲಿ ಬೆಂಗಳೂರು ಸೇರಿದಂತೆ 13 ನಗರಗಳಿಗೆ ಬಿಎಸ್-4 ಮಾಲಿನ್ಯ ಮಾನದಂಡ ಬಂದ 2010ರಿಂದ ಇದು ಹಂತಹಂತವಾಗಿ ಒಳಬಂತು. 2020ರ ಏಪ್ರಿಲ್ 1ರ ಬಿಎಸ್-6 ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಸ್ಟಿಯರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸು ಇರುವ 16 ಪಿನ್ನಿನ ಸಾಕೆಟ್ಟಿಗೆ ಯಾವ ಕಂಪನಿಯ ಸ್ಕ್ಯಾನರನ್ನಾದರೂ ಚುಚ್ಚಿ ಮೂಲ ಕೋಡ್‌ಗಳನ್ನು ಓದಬಹುದಾದದ್ದು ಈ ಏಕರೂಪತೆಯ ಫಲ. ಮೊಬೈಲ್ ಫೋನಿಗೆ ಬ್ಲೂಟೂತ್ ಮೂಲಕ ಜೋಡಿಸಿಕೊಳ್ಳುವ ಅಗ್ಗದ ಅಡಾಪ್ಟರ್ ಕೂಡ ಈ ಲೇಖನದಲ್ಲಿ ಬರುವ ಹೆಚ್ಚಿನ ಅಂಕಿಗಳನ್ನು ತೋರಿಸಬಲ್ಲದು.

ಕೋಡ್‌ನ ರಚನೆ ಸರಳ. ‘ಪಿ’ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಸಂಬಂಧಿಸಿದ್ದು. ಅದರ ನಂತರದ ಅಂಕಿ 0 ಆದರೆ ಎಲ್ಲ ಕಂಪನಿಗಳಿಗೂ ಸಮಾನವಾದ ಕೋಡ್, 1 ಆದರೆ ಆಯಾ ಕಂಪನಿಯದು. ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0303 ಎಂದರೆ ಮೂರನೆಯದರಲ್ಲಿ. ಪಿ0300 ಎಂದರೆ ಒಂದೇ ಸಿಲಿಂಡರಿಗೆ ಅಂಟಿಕೊಳ್ಳದೆ ಅಲ್ಲಿ ಇಲ್ಲಿ ಆಗುತ್ತಿದೆ. ಪಿ0171 ಎಂದರೆ ಮಿಶ್ರಣ ‘ಲೀನ್’, ಪೆಟ್ರೋಲ್ ಸಾಲದು. ಪಿ0172 ಎಂದರೆ ‘ರಿಚ್’, ಪೆಟ್ರೋಲ್ ಜಾಸ್ತಿ. ಇವೆಲ್ಲ ಲಕ್ಷಣಗಳ ಹೆಸರುಗಳು, ಬಿಡಿಭಾಗಗಳ ಹೆಸರುಗಳಲ್ಲ. ಪಿ0171 ಕಂಡ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುವುದು ತುಂಬ ಕಡೆ ನಡೆಯುವ ತಪ್ಪು. ಆಕ್ಸಿಜನ್ ಜಾಸ್ತಿಯಿದೆ ಎಂದು ನಿಜ ಹೇಳಿದ ಸೆನ್ಸರಿಗೇ ಅಲ್ಲಿ ಶಿಕ್ಷೆಯಾಗುತ್ತದೆ.

ಕೋಡ್ ಅಳಿಸುವ ಮೊದಲು ‘ಫ್ರೀಜ್ ಫ್ರೇಮ್’ ಓದಿ ಬರೆದಿಟ್ಟುಕೊಳ್ಳಬೇಕು. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಸುತ್ತಿನಲ್ಲಿತ್ತು, ಕಾರು ಓಡುತ್ತಿತ್ತೋ ನಿಂತಿತ್ತೋ ಎಂಬ ವಿವರ ಅದರಲ್ಲಿರುತ್ತದೆ. ಬೆಳಗ್ಗೆ ತಣ್ಣಗಿರುವಾಗ ಮಾತ್ರ ಬರುವ ಮಿಸ್ಸಿಂಗಿನ ದಾರಿಯೇ ಬೇರೆ, ಘಾಟಿ ಹತ್ತುವಾಗ ಬರುವುದರ ದಾರಿಯೇ ಬೇರೆ. ಬ್ಯಾಟರಿಯ ಟರ್ಮಿನಲ್ ಕಳಚಿ ದೀಪ ಆರಿಸುವ ಹಳೆಯ ಉಪಾಯ ಈ ಸಾಕ್ಷ್ಯವನ್ನೆಲ್ಲ ಅಳಿಸಿಹಾಕುತ್ತದೆ.

ಇನ್ನು ಬಾನೆಟ್ ಎತ್ತಿ ಕಣ್ಣಿನಿಂದ ನೋಡುವ ಸರದಿ. ಖರ್ಚಿಲ್ಲದ ಈ ಹಂತವನ್ನೇ ಅವಸರದಲ್ಲಿ ಬಿಟ್ಟುಬಿಡುತ್ತಾರೆ. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಹಿಂದಿನ ಸರ್ವೀಸಿನಲ್ಲಿ ಸರಿಯಾಗಿ ಕೂತಿಲ್ಲದಿರಬಹುದು. ಥ್ರಾಟಲಿಗೆ ಹೋಗುವ ರಬ್ಬರ್ ಪೈಪ್ ಮಡಿಕೆಯಲ್ಲಿ ಬಿರಿದಿರಬಹುದು. ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಹೋಸ್ ಸಡಿಲವಾಗಿರಬಹುದು. ಒಂದೇ ಕಡೆ ವಾರಗಟ್ಟಲೆ ನಿಂತ ಕಾರಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಮೊದಲ ಆರೋಪಿ ಇಲಿ. ಇಂಜೆಕ್ಟರಿನ ತಂತಿ, ಸೆನ್ಸರಿನ ತಂತಿ, ತೆಳುವಾದ ಹೋಸ್ ಯಾವುದನ್ನೂ ಅದು ಬಿಡುವುದಿಲ್ಲ. ಎಂಜಿನ್ ಮೇಲೆ ಪ್ರೆಶರ್ ವಾಷರ್ ಹಿಡಿದ ಮರುದಿನ ಮಿಸ್ಸಿಂಗ್ ಶುರುವಾಗಿದ್ದರೆ ಪ್ಲಗ್ಗಿನ ಗುಳಿಯಲ್ಲಿ ನೀರು ನಿಂತಿದೆಯೇ ಎಂದು ನೋಡಬೇಕು. ಅದೇ ಗುಳಿಯಲ್ಲಿ ನೀರಿನ ಬದಲು ಎಂಜಿನ್ ಆಯಿಲ್ ಕಂಡರೆ ವಾಲ್ವ್ ಕವರಿನ ಸೀಲ್ ಹೋಗಿದೆ.

ಒಂದೇ ಸಿಲಿಂಡರಿನ ಕೋಡ್ ಇದ್ದರೆ ಕೆಲಸ ಸುಲಭ. ಈಗಿನ ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದು ಇಗ್ನಿಷನ್ ಕಾಯಿಲ್ ಕೂತಿರುತ್ತದೆ. ಪಿ0301 ಬಂದ ಕಾರಿನಲ್ಲಿ ಒಂದನೆಯ ಕಾಯಿಲನ್ನು ಮೂರನೆಯದರ ಜಾಗಕ್ಕೆ, ಮೂರನೆಯದನ್ನು ಒಂದರ ಜಾಗಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಬೇಕು. ಮತ್ತೆ ಬಂದ ಕೋಡ್ ಪಿ0303 ಆಗಿದ್ದರೆ ದೋಷ ಕಾಯಿಲಿನ ಜೊತೆ ಪ್ರಯಾಣ ಮಾಡಿದೆ. ಹೊಸದಾಗಿ ಕೊಳ್ಳಬೇಕಾದ್ದು ಒಂದು ಕಾಯಿಲ್ ಅಷ್ಟೆ. ಪಿ0301 ಅಲ್ಲೇ ಕೂತಿದ್ದರೆ ಪ್ಲಗ್ಗುಗಳನ್ನು ಹಾಗೆಯೇ ಅದಲುಬದಲು ಮಾಡಬೇಕು, ಆಮೇಲೆ ಸಾಧ್ಯವಾದರೆ ಇಂಜೆಕ್ಟರುಗಳನ್ನು. ಹಣ ಖರ್ಚಾಗುವ ಮೊದಲೇ ತೀರ್ಪು ಸಿಗುವ ಇಂಥ ಪರೀಕ್ಷೆ ಮೋಟಾರು ಕಸುಬಿನಲ್ಲಿ ಹೆಚ್ಚಿಲ್ಲ. ಪ್ಲಗ್ ತಂತಿಗಳಿರುವ ಹಳೆಯ ನಾಲ್ಕು ಸಿಲಿಂಡರಿನ ಅನೇಕ ಕಾರುಗಳಲ್ಲಿ ಒಂದೇ ಕಾಯಿಲ್ ಎರಡು ಸಿಲಿಂಡರಿಗೆ ಕಿಡಿ ಕೊಡುವುದರಿಂದ ಒಂದು ಮತ್ತು ನಾಲ್ಕು, ಇಲ್ಲವೇ ಎರಡು ಮತ್ತು ಮೂರು ಜೊತೆಜೊತೆಯಾಗಿ ತಪ್ಪುತ್ತವೆ. ಆ ಜೋಡಿ ಕಂಡರೆ ಕಾಯಿಲಿನ ಮೇಲೆ ಸಂಶಯ ಪಡಬೇಕು.

ಬಿಚ್ಚಿದ ಪ್ಲಗ್ಗನ್ನು ಎಸೆಯುವ ಮೊದಲು ಅದರ ತುದಿ ನೋಡಬೇಕು. ತಿಳಿ ಕಂದು ಬಣ್ಣ ಆರೋಗ್ಯದ ಗುರುತು. ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚಾಗಿದೆ, ಜಿಡ್ಡುಗಪ್ಪು ಎಂದರೆ ಆಯಿಲ್ ಒಳನುಗ್ಗುತ್ತಿದೆ, ಬಿಳಿಚಿಕೊಂಡಿದ್ದರೆ ಮಿಶ್ರಣ ಲೀನ್ ಅಥವಾ ಬಿಸಿ ಜಾಸ್ತಿ. ಪಿಂಗಾಣಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಯಿದ್ದರೆ ಕಿಡಿ ತುದಿಗೆ ಹೋಗದೆ ಅಲ್ಲೇ ಹರಿದುಹೋಗಿದೆ.

ಪಿ0300 ಮತ್ತು ಪಿ0171 ಜೊತೆಯಾಗಿ ಬಂದಾಗ ವಿಷಯ ಸೂಕ್ಷ್ಮವಾಗುತ್ತದೆ. ಪೆಟ್ರೋಲ್ ಪೂರ್ಣವಾಗಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಸೈಲೆನ್ಸರಿನ ಹಾದಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಈ ಪ್ರಮಾಣವನ್ನು ಕಾಯುತ್ತದೆ. ಸ್ವೀಡನ್ನಿನ ವೋಲ್ವೊ ಕಾರುಗಳಿಗೆ ಜರ್ಮನಿಯ ಬಾಷ್ ಕಂಪನಿಯ ಸೆನ್ಸರ್ ಅಳವಡಿಸಿದ 1976ರಿಂದ ಇದು ಬಳಕೆಯಲ್ಲಿದೆ. ಸಾಮಾನ್ಯ ಬಗೆಯ ಸೆನ್ಸರಿನ ವೋಲ್ಟೇಜು ಲೀನ್ ಆದಾಗ 0.1ರ ಕಡೆಗೆ, ರಿಚ್ ಆದಾಗ 0.9ರ ಕಡೆಗೆ ಹೋಗುತ್ತದೆ. ಅದನ್ನು ನೋಡಿಕೊಂಡು ಇಸಿಯು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಶೇಕಡಾವಾರು ಲೆಕ್ಕವೇ ‘ಫ್ಯುಯೆಲ್ ಟ್ರಿಮ್’. ಆ ಕ್ಷಣದ ತಿದ್ದುಪಡಿ ಒಂದು, ಕಲಿತು ನೆನಪಿಟ್ಟುಕೊಂಡ ದೀರ್ಘಕಾಲದ ತಿದ್ದುಪಡಿ ಇನ್ನೊಂದು. ಎರಡೂ ಕೂಡಿ ಸೊನ್ನೆಯ ಆಚೀಚೆ 10ರೊಳಗೆ ಇದ್ದರೆ ಚಿಂತೆಯಿಲ್ಲ. ಪ್ಲಸ್ 20 ದಾಟಿದರೆ ಎಲ್ಲೋ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಡಿಮೆ.

ಆದರೆ ಸೆನ್ಸರ್ ಅಳೆಯುವುದು ಆಕ್ಸಿಜನ್ನನ್ನು, ಪೆಟ್ರೋಲನ್ನಲ್ಲ. ಕಿಡಿಯಿಲ್ಲದೆ ಒಂದು ಸಿಲಿಂಡರ್ ಉರಿಯದೆ ಹೋದರೆ ಅದರ ಪಾಲಿನ ಆಕ್ಸಿಜನ್ ಹಾಗೆಯೇ ಹೊರಬರುತ್ತದೆ. ಸೆನ್ಸರ್ ಅದನ್ನು ‘ಲೀನ್’ ಎಂದು ಓದುತ್ತದೆ, ಇಸಿಯು ಉಳಿದ ಒಳ್ಳೆಯ ಸಿಲಿಂಡರುಗಳಿಗೂ ಪೆಟ್ರೋಲ್ ಹೆಚ್ಚಿಸುತ್ತದೆ. ಹೀಗೆ ಕಾಯಿಲಿನ ದೋಷವೊಂದು ಲೀನ್ ಕೋಡಿನ ವೇಷದಲ್ಲಿ ಬರಬಹುದು. ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಜಾಯಿಂಟ್ ಬಿರುಕು ಬಿಟ್ಟಿದ್ದರೂ ಹೊರಗಾಳಿ ಒಳನುಗ್ಗಿ ಇದೇ ಸುಳ್ಳನ್ನು ಹುಟ್ಟಿಸುತ್ತದೆ. ಆದ್ದರಿಂದ ಒಂದೇ ಸಿಲಿಂಡರ್ ತಪ್ಪುತ್ತಿದ್ದು ಜೊತೆಗೆ ಲೀನ್ ಕೋಡ್ ಇದ್ದರೆ ಮಿಸ್ಸಿಂಗನ್ನು ಮೊದಲು ಸರಿಪಡಿಸಬೇಕು. ಲೀನ್ ತಾನಾಗಿ ಹೋಗುವುದೂ ಉಂಟು. ಎಲ್ಲ ಸಿಲಿಂಡರುಗಳೂ ಅಷ್ಟಿಷ್ಟು ತಪ್ಪುತ್ತಿದ್ದರೆ ಲೀನ್ ಮೂಲ, ಮಿಸ್ಸಿಂಗ್ ಫಲ.

ಲೀನ್ ಎಲ್ಲಿಂದ ಬಂತೆಂದು ತಿಳಿಯಲು ಟ್ರಿಮ್ ಅನ್ನು ಎರಡು ಸಲ ನೋಡಬೇಕು: ಐಡಲ್‌ನಲ್ಲಿ ಒಮ್ಮೆ, 2,500 ಸುತ್ತಿಗೆ ರೇಸ್ ಮಾಡಿ ಹಿಡಿದು ಒಮ್ಮೆ. ಐಡಲ್‌ನಲ್ಲಿ ಪ್ಲಸ್ 22 ಇದ್ದದ್ದು 2,500ರಲ್ಲಿ ಪ್ಲಸ್ 4ಕ್ಕೆ ಇಳಿದರೆ ಥ್ರಾಟಲ್ ದಾಟಿದ ಮೇಲೆ ಎಲ್ಲೋ ‘ಏರ್ ಎಳೆಯುತ್ತಿದೆ’. ಥ್ರಾಟಲ್ ಮುಚ್ಚಿರುವಾಗ ಆ ಕಳ್ಳಗಾಳಿಯ ಪಾಲು ದೊಡ್ಡದು, ತೆರೆದಾಗ ಲೆಕ್ಕಕ್ಕಿಲ್ಲದಷ್ಟು. ಇದಕ್ಕೆ ವಿರುದ್ಧವಾಗಿ ಐಡಲ್‌ನಲ್ಲಿ ಸರಿಯಿದ್ದು ರೇಸ್ ಮಾಡಿದಾಗ, ಭಾರ ಎಳೆದಾಗ ಪ್ಲಸ್ ಏರುತ್ತ ಹೋದರೆ ಪೆಟ್ರೋಲ್ ಪಂಪ್ ಸೋತಿದೆ, ಫಿಲ್ಟರ್ ಕಟ್ಟಿದೆ, ಅಥವಾ ಗಾಳಿ ಅಳೆಯುವ ಎಂಎಎಫ್ ಸೆನ್ಸರಿನ ತಂತಿಗೆ ದೂಳು ಮೆತ್ತಿದೆ. ಸೋರುವ ಜಾಗ ಹುಡುಕಲು ಉತ್ತಮ ಸಾಧನ ಹೊಗೆ ಯಂತ್ರ. ಇಂಟೇಕ್ ಒಳಗೆ ಹೊಗೆ ತುಂಬಿದರೆ ಬಿರುಕಿನಿಂದ ಅದು ಹೊರಬರುತ್ತದೆ. ಕಾರ್ಬ್ ಕ್ಲೀನರ್ ಸಿಂಪಡಿಸಿ ಆರ್‌ಪಿಎಂ ಬದಲಾಗುವುದನ್ನು ನೋಡುವ ರೂಢಿಯೂ ಇದೆ, ಆದರೆ ಬಿಸಿ ಎಕ್ಸಾಸ್ಟಿನ ಪಕ್ಕ ಅದು ಬೆಂಕಿ ಹೊತ್ತಿಕೊಳ್ಳುವ ದ್ರವ ಎಂಬುದನ್ನು ಮರೆಯುವಂತಿಲ್ಲ.

ಈ ನಿಯಮಕ್ಕೆ ಒಂದು ದೊಡ್ಡ ಅಪವಾದವಿದೆ. ಭಾರತದ ಚಿಕ್ಕ ಕಾರುಗಳಲ್ಲಿ ಅನೇಕವು ಒಳಹೋಗುವ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ; ಇಂಟೇಕ್ ಒಳಗಿನ ಒತ್ತಡವನ್ನು ಎಂಎಪಿ ಸೆನ್ಸರಿನಿಂದ ಅಳೆದು ಗಾಳಿಯ ಲೆಕ್ಕ ಹಾಕುತ್ತವೆ. ಕಳ್ಳಗಾಳಿ ಬಂದಾಗ ಅಲ್ಲಿ ಒತ್ತಡವೂ ಏರುತ್ತದೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲನ್ನೂ ಕೊಡುತ್ತದೆ. ಹಾಗಾಗಿ ಲೀನ್ ಕೋಡ್ ಬಾರದೆ ಐಡಲ್ ಮಾತ್ರ 1,000–1,200ಕ್ಕೆ ಏರಿ ಕೂರಬಹುದು, ಅಥವಾ ಏರುತ್ತ ಇಳಿಯುತ್ತ ಉಸಿರಾಡಬಹುದು. ಎಂಎಪಿ ಸೆನ್ಸರ್ ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸುವುದು ಸುಲಭ. ಎಂಜಿನ್ ಆರಿಸಿ ಕೀ ಮಾತ್ರ ಆನ್ ಮಾಡಿದಾಗ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು: ಮಂಗಳೂರಿನ ಕಡಲತಡಿಯಲ್ಲಿ ಸುಮಾರು 101 ಕಿಲೋಪಾಸ್ಕಲ್, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಆಸುಪಾಸು, ಮಡಿಕೇರಿಯಲ್ಲಿ 88ರ ಹತ್ತಿರ. ಬೆಂಗಳೂರಿನ ಗ್ಯಾರೇಜಿನಲ್ಲಿ 101 ತೋರಿಸುವ ಸೆನ್ಸರ್ ಸುಳ್ಳು ಹೇಳುತ್ತಿದೆ. ಚಾಲೂ ಮಾಡಿದ ಮೇಲೆ, ಎ.ಸಿ. ಆರಿಸಿದ ಬಿಸಿ ಎಂಜಿನ್‌ನಲ್ಲಿ 30–40ಕ್ಕೆ ಇಳಿಯಬೇಕು. ಅದಕ್ಕಿಂತ ಬಹಳ ಮೇಲೆ ನಿಂತರೆ ಸೋರಿಕೆ, ಟೈಮಿಂಗ್ ತಪ್ಪಿರುವುದು, ಸುಟ್ಟ ಹೊಗೆಯನ್ನು ಮತ್ತೆ ಇಂಟೇಕಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಉಳಿದಿರುವುದು ಇವುಗಳಲ್ಲಿ ಒಂದಿರಬಹುದು.

ಟ್ರಿಮ್ ಓದುವಾಗ ಇತ್ತೀಚಿನ ಪೆಟ್ರೋಲನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು. ಎಥನಾಲ್‌ನಲ್ಲಿಯೇ ಆಕ್ಸಿಜನ್ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಕೇವಲ 9 ಪಟ್ಟು. ಶೇ 20 ಎಥನಾಲ್ ಬೆರೆತ ಇಂಧನಕ್ಕೆ ಸುಮಾರು 13.5 ಪಟ್ಟು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರಿನಲ್ಲಿ ಇಷ್ಟರಿಂದಲೇ ಟ್ರಿಮ್ ಕೆಲವು ಅಂಕ ಮೇಲೇರುತ್ತದೆ. ಎಥನಾಲ್ ತೇವವನ್ನೂ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟುಕೊಂಡು ತಿಂಗಳುಗಟ್ಟಲೆ ನಿಂತ ಕಾರು ಚಾಲೂ ಆದೊಡನೆ ನಡುಗಿದರೆ ಟ್ಯಾಂಕಿನ ಇಂಧನದ ಮೇಲೂ ಸಂಶಯ ಪಡುವುದು ನ್ಯಾಯ.

ರಿಚ್ ಕಡೆಯ ದೋಷಗಳು ಅಷ್ಟು ಸಾಮಾನ್ಯವಲ್ಲ. ಸೋರುವ ಇಂಜೆಕ್ಟರ್, ಎಂಜಿನ್ ಬಿಸಿಯಾದರೂ ತಣ್ಣಗಿದೆ ಎನ್ನುವ ಕೂಲಂಟ್ ಸೆನ್ಸರ್, ತೆರೆದೇ ಸಿಕ್ಕಿಕೊಂಡ ಥರ್ಮೋಸ್ಟಾಟ್ ಇವು ಮುಖ್ಯ. ಪೆಟ್ರೋಲ್ ಹಾಕಿಸಿಕೊಂಡ ಮೇಲೆ ಮಾತ್ರ ಚಾಲೂ ಆಗಲು ಸತಾಯಿಸಿ ನಡುಗಿದರೆ, ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಮುಚ್ಚುತ್ತಿಲ್ಲ. ಅದರ ಹೋಸ್ ಕಿತ್ತು ಬೆರಳಿಟ್ಟು ನೋಡಿದರೆ ಸಾಕು. ಐಡಲ್‌ನಲ್ಲಿ, ಅದರ ವೈರಿನ ಸಾಕೆಟ್ ಬಿಚ್ಚಿದ ಮೇಲೂ ಎಳೆತ ಇದ್ದರೆ ವಾಲ್ವ್ ಕೆಟ್ಟಿದೆ.

ಕೋಡ್ ಏನೂ ಇಲ್ಲದೆ ಐಡಲ್ ಮಾತ್ರ ಕುಸಿಯುತ್ತಿದ್ದರೆ, ಎ.ಸಿ. ಹಾಕಿದೊಡನೆ ಎಂಜಿನ್ ಆರುವಂತಾದರೆ, ಥ್ರಾಟಲ್ ಬಾಡಿ ನೋಡಬೇಕು. ತಟ್ಟೆಯ ಅಂಚಿನಲ್ಲಿ ಕಟ್ಟಿದ ಕರಿ ಐಡಲ್‌ಗೆ ಬೇಕಾದ ಸಣ್ಣ ಗಾಳಿದಾರಿಯನ್ನು ಮುಚ್ಚಿರುತ್ತದೆ. ಶುಚಿಗೊಳಿಸಿದ ಮೇಲೆ ಐಡಲ್ ಕೆಲಕಾಲ ವಿಪರೀತ ಏರುವುದು ಸಹಜ. ಕರಿಗೆ ಹೊಂದಿಕೊಂಡಿದ್ದ ಇಸಿಯು ಮತ್ತೆ ಕಲಿಯಬೇಕು. ಕೆಲವು ಕಾರುಗಳಿಗೆ ಸ್ಕ್ಯಾನರಿನಿಂದಲೇ ಕಲಿಸಬೇಕಾಗುತ್ತದೆ. ಸಿಲಿಂಡರಿನೊಳಕ್ಕೇ ಪೆಟ್ರೋಲ್ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಎಂಜಿನ್‌ಗಳಲ್ಲಿ ಕರಿ ಇಂಟೇಕ್ ವಾಲ್ವುಗಳ ಬೆನ್ನಿಗೂ ಕಟ್ಟುತ್ತದೆ, ಏಕೆಂದರೆ ಅವನ್ನು ತೊಳೆಯುವ ಪೆಟ್ರೋಲ್ ಅಲ್ಲಿಗೆ ಬರುವುದೇ ಇಲ್ಲ.

ಕಿಡಿ, ಇಂಧನ, ಗಾಳಿ ಎಲ್ಲವೂ ಸರಿಯಿದ್ದು ಒಂದೇ ಸಿಲಿಂಡರ್ ತಪ್ಪುತ್ತಿದ್ದರೆ ಉಳಿದದ್ದು ಕಂಪ್ರೆಷನ್. ಪ್ಲಗ್ಗಿನ ಜಾಗಕ್ಕೆ ಗೇಜ್ ಹಾಕಿ, ಇಂಜೆಕ್ಟರುಗಳ ಸಂಪರ್ಕ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಸೆಲ್ಫ್ ಹೊಡೆದು ನೋಡಬೇಕು. ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಶೇ 15ಕ್ಕಿಂತ ಹೆಚ್ಚು ಕೆಳಗಿರುವ ಸಿಲಿಂಡರ್ ರೋಗಿ. ಅದಕ್ಕೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಸಿಎನ್‌ಜಿಯಲ್ಲಿ ಬಹಳ ಓಡಿದ ಕಾರುಗಳಲ್ಲಿ ವಾಲ್ವಿನ ಸಂಶಯ ಮೊದಲೇ ಬರಬೇಕು. ಒಣ ಅನಿಲದಲ್ಲಿ ವಾಲ್ವ್ ಸೀಟ್ ಬೇಗ ಸವೆದು ಟ್ಯಾಪೆಟ್ ಸಂದು ಕಿರಿದಾಗುತ್ತದೆ, ಕೊನೆಗೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಅದೇ ಕಾರು ಸಿಎನ್‌ಜಿಯಲ್ಲಿ ಮಾತ್ರ ಮಿಸ್ ಹೊಡೆದು ಪೆಟ್ರೋಲಿಗೆ ಬದಲಿಸಿದಾಗ ಸರಿಯಾಗುವುದಾದರೆ ಪ್ಲಗ್ಗು, ಕಾಯಿಲನ್ನೂ ನೋಡಬೇಕು. ಅನಿಲ ಹೊತ್ತಿಸಲು ಹೆಚ್ಚು ವೋಲ್ಟೇಜು ಬೇಕು.

ಸ್ಕ್ಯಾನರಿನಲ್ಲಿ ಮಿಸ್ಸಿಂಗ್ ಎಣಿಕೆ ಸೊನ್ನೆಯಿದ್ದೂ ಕಾರು ನಡುಗುತ್ತಿದ್ದರೆ ಎಂಜಿನ್ನನ್ನು ಹಿಡಿದಿಡುವ ಮೌಂಟ್ ಹೋಗಿರಬಹುದು. ಆಟೊಮ್ಯಾಟಿಕ್ ಕಾರು ಡಿ ಗೇರಿನಲ್ಲಿ ಬ್ರೇಕ್ ಒತ್ತಿ ನಿಂತಾಗ ನಡುಗಿ ನ್ಯೂಟ್ರಲಿಗೆ ಬಂದೊಡನೆ ನಿಂತರೆ ಸಂಶಯ ಬಲವಾಗುತ್ತದೆ.

ದುರಸ್ತಿಯಾದ ಮೇಲೆ ಕೋಡ್ ಅಳಿಸಿ, ಐಡಲ್ ಮತ್ತು 2,500 ಸುತ್ತಿನ ಟ್ರಿಮ್‌ಗಳನ್ನು ಮತ್ತೆ ಬರೆದುಕೊಂಡು ಮೊದಲಿನವುಗಳ ಜೊತೆ ಹೋಲಿಸಬೇಕು. ದೀಪ ಆರಿರುವುದೊಂದೇ ಸಾಕ್ಷಿಯಾಗದು, ಏಕೆಂದರೆ ಹೆಚ್ಚಿನ ದೋಷಗಳು ಸತತ ಎರಡು ಓಡಾಟಗಳಲ್ಲಿ ಕಂಡ ಮೇಲಷ್ಟೇ ದೀಪ ಹತ್ತಿಸುತ್ತವೆ. ಎಮಿಷನ್ ಟೆಸ್ಟ್ ಪಾಸಾಗಿರುವುದೂ ಸಾಕಾಗದು; ಆ ಪರೀಕ್ಷೆ ಸೈಲೆನ್ಸರಿನ ಹೊಗೆಯನ್ನಷ್ಟೇ ಅಳೆಯುತ್ತದೆ. ಸ್ಕ್ಯಾನರಿನ ‘ರೆಡಿನೆಸ್’ ಪುಟದಲ್ಲಿ ಸ್ವಯಂಪರೀಕ್ಷೆಗಳೆಲ್ಲ ಮುಗಿದಿವೆ ಎಂದು ತೋರಿಸುವ ತನಕ ಪೇಟೆಯಲ್ಲೂ ಹೆದ್ದಾರಿಯಲ್ಲೂ ಕಾರು ಓಡಬೇಕು; ಕನ್ವರ್ಟರಿನ ಪರೀಕ್ಷೆ ಮುಗಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅದು ಮುಗಿದು, ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್ ಬಂದರೆ, ಮಿಸ್ಸಿಂಗಿನ ದಿನಗಳಲ್ಲಿ ಕನ್ವರ್ಟರ್ ಈಗಾಗಲೇ ಪೆಟ್ಟು ತಿಂದಿರುವ ಸಾಧ್ಯತೆ ಹೆಚ್ಚು. ಕೋಡನ್ನು ಕೈಯಿಂದ ಅಳಿಸದೆ ಬಿಟ್ಟರೂ, ದೋಷ ನಿಜವಾಗಿ ಹೋಗಿದ್ದರೆ ಸತತ ಮೂರು ಒಳ್ಳೆಯ ಓಡಾಟಗಳ ಬಳಿಕ ದೀಪ ತಾನಾಗಿ ಆರುತ್ತದೆ. ಎಂಜಿನ್ ಸುಮಾರು 40 ಸಲ ತಣ್ಣಗಾಗಿ ಬಿಸಿಯಾದ ಮೇಲೆ ಕೋಡ್ ಕೂಡ ಇಸಿಯುವಿನ ನೆನಪಿನಿಂದ ಅಳಿಯುತ್ತದೆ.